ಅಪ್ಪ ಕುಡಿಯದ ಸಾರಾಯಿ

ನಮ್ಮ ಯುವಜನ ಸೇವೆಯಲ್ಲಿ ನಿಜವಾದ ಬಡವರೆಂದರೆ ಹುಟ್ಟಿನಿಂದ ಕ್ರೈಸ್ತರಾದವರು. ಅವರ ಬಳಿ ಸಾಕ್ಷಿ ಇರುವುದಿಲ್ಲ. ಸಾಕ್ಷಿ ಎಂದರೆ ಸಭೆಯ ಮುಂದೆ ಎದ್ದು ನಿಂತು, ನಾನು ಹಿಂದೆ ಹೀಗಿದ್ದೆ, ಯೇಸು ನನ್ನನ್ನು ಹೀಗೆ ಬದಲಿಸಿದ ಎಂದು ಹೇಳುವುದು. ಹಿಂದೆ ಕುಡಿದವನು, ಹೆಂಡತಿಯನ್ನು ಹೊಡೆದವನು, ರೈಲು ಹಳಿಯವರೆಗೆ ಹೋಗಿ ಮರಳಿ ಬಂದವನು ಮೈಕ್ ಹಿಡಿದರೆ ಎರಡನೇ ವಾಕ್ಯಕ್ಕೇ ಹಲ್ಲೆಲೂಯ ಬೀಳುತ್ತದೆ. ನಮ್ಮ ಮನೆಗೆ ಬೈಬಲ್ ಬಂದದ್ದು ಮುತ್ತಜ್ಜನ ಕಾಲದಲ್ಲಿ. ನಾನು ಏನು ಹೇಳಬೇಕು? ಬೀದರಿನ ಸಂಡೇ ಸ್ಕೂಲಿಗೆ ಹೋದೆ, ವಚನ ಬಾಯಿಪಾಠ ಒಪ್ಪಿಸಿದೆ, ಬಹುಮಾನವಾಗಿ ಪೆನ್ಸಿಲ್ ಡಬ್ಬಿ ಪಡೆದೆ ಎಂದೇ?

ಮೊದಲ ಸಲ ಭಾಲ್ಕಿಯ ಕೂಟದಲ್ಲಿ ಅದನ್ನೇ ಹೇಳಿದೆ. ಯಾರೂ ಹಲ್ಲೆಲೂಯ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ.

ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ಮುಗಿಸಿ ಊರಿಗೆ ಮರಳಿದ ವರ್ಷ ಅದು. ವಾರದ ದಿನಗಳಲ್ಲಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಶನಿವಾರ ಭಾಲ್ಕಿಯಲ್ಲಿ, ಭಾನುವಾರ ಮಧ್ಯಾಹ್ನ ಔರಾದಿನಲ್ಲಿ ಯುವಕರ ಕೂಟ ನಡೆಸುವ ಕೆಲಸ. ದೇವರಿದ್ದಾನೆಯೇ ಎಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇದೆ. ಅನುಮಾನವನ್ನು ಕಟ್ಟಿಕೊಂಡೇ ಹೋಗುತ್ತಿದ್ದೆ. ಹಾಡುವಾಗ ಮಾತ್ರ ಅದು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆ ಸ್ವಲ್ಪ ಹೊತ್ತಿಗಾಗಿಯೇ ನಾನು ಅಲ್ಲಿದ್ದೆ.

ಸೇವೆಯ ಮುಂದಾಳನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಆ ದಿನ ಭಾಲ್ಕಿಯಿಂದ ಬರುವ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕ ಕೂತ.

"ನಿನ್ನ ಸಾಕ್ಷಿ ಭಾಳ ಸಪ್ಪಗದಪಾ. ಉಪ್ಪಿಲ್ದ ಬ್ಯಾಳಿ."

"ಇದ್ದದ್ದೇ ಅಷ್ಟು ಅಣ್ಣಾ."

"ಮನ್ಯಾಗ ಏನೂ ತ್ರಾಸ ಇರ್ಲಿಲ್ಲೇನು? ನೆನಪು ಮಾಡ್ಕೊ. ಕತ್ತಲಿ ಇಲ್ದ ಮನಿ ಯಾವ್ದದ ಹೇಳು."

ನೆನಪು ಮಾಡಿಕೊಂಡೆ. ಬೀದರಿನ ದವಸದ ಮಾರುಕಟ್ಟೆ ಗಾಂಧಿ ಗಂಜಿನ ಹಿಂದೆ ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ. ಲಾರಿಯಿಂದ ತೊಗರಿ, ಕಡಲೆ ಚೀಲ ಇಳಿಸುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡ. ಅದಕ್ಕೂ ಹಿಂದಿನ ಒಂದು ಚಿತ್ರ ಕಣ್ಣ ಮುಂದೆ ಬಂತು: ಗೂಡಿನಲ್ಲಿ ಒಂದು ಬಾಟಲಿ, ಕೋಣೆಯ ತುಂಬ ಸಾರಾಯಿಯ ವಾಸನೆ, ಚಾಪೆಯ ಮೇಲೆ ಬೋರಲು ಬಿದ್ದ ಅಪ್ಪ, ಬಾಗಿಲ ಬಳಿ ಸೆರಗಿನಲ್ಲಿ ಮುಖ ಮುಚ್ಚಿ ಅಳುವ ಅವ್ವ.

ಹೇಳಿದೆ. ಅಣ್ಣನ ಮುಖ ಅರಳಿತು. "ನೋಡ್ದ್ಯಾ? ದೇವ್ರೇ ನೆನಪು ಕೊಟ್ಟ."

ಬಸ್ಸಿನಲ್ಲಿ ನಾನು 'ಮನೆಯಲ್ಲಿ ಸಾರಾಯಿ ವಾಸನೆ ಇತ್ತು' ಎಂದಷ್ಟೇ ಹೇಳಿದೆನೋ, 'ಅಪ್ಪ ಕುಡಿಯುತ್ತಿದ್ದ' ಎಂದೆನೋ, ಈಗ ಖಚಿತವಿಲ್ಲ. ಎರಡನೆಯದೇ ಎಂದು ಅಣ್ಣ ಹೇಳುತ್ತಾನೆ. ಆ ಸೀಟಿನಲ್ಲಿದ್ದವರು ನಾವಿಬ್ಬರೇ.

ಮುಂದಿನ ಶನಿವಾರ ಭಾಲ್ಕಿಯಲ್ಲಿ ಅಪ್ಪ ಕುಡಿದ. ಔರಾದಿನಲ್ಲಿ ಅವ್ವನನ್ನು ಹೊಡೆದ. ಮೂರು ತಿಂಗಳಾಗುವಷ್ಟರಲ್ಲಿ ಮನೆಯ ಬೈಬಲ್ಲನ್ನು ಹರಿದು ಅಂಗಳಕ್ಕೆ ಎಸೆದಿದ್ದ. ಆ ಹರಿದ ಬೈಬಲ್ಲನ್ನು ಕಥೆಯೊಳಗೆ ತಂದವರು ಯಾರು? ನಾನಲ್ಲ ಎಂದು ಪ್ರಮಾಣ ಮಾಡಲಾರೆ. ಅದನ್ನು ಹೇಳುವಾಗ ನನ್ನ ಕಣ್ಣಲ್ಲಿ ನಿಜವಾದ ನೀರು ಬರುತ್ತಿತ್ತು. ಹಾಳೆಗಳು ಗಾಳಿಗೆ ಹಾರುವುದೂ ಕಾಣುತ್ತಿತ್ತು. ಸೋಮವಾರ ತರಗತಿಯಲ್ಲಿ ನಿಂತು, ಶಾಸನವನ್ನು ಕೂಡಲೇ ನಂಬಬೇಡಿ, ಬರೆಸಿದವರು ಯಾರು, ಯಾರಿಗಾಗಿ ಬರೆಸಿದರು ಕೇಳಿ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದವನೂ ನಾನೇ. ಇದನ್ನು ನೆನೆದರೆ ನನ್ನ ಮೇಲೆಯೇ ಮೈ ಉರಿಯುತ್ತದೆ.

ಅಣ್ಣ ಅದನ್ನು ಸೇವೆಯ ಪ್ರಾರ್ಥನಾ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. 'ಕುಡುಕನ ಮಗ ಕರ್ತನ ಸೇವಕ' ಎಂದು ಮೇಲೆ ದಪ್ಪಕ್ಷರ, ಕೆಳಗೆ ನನ್ನ ಫೋಟೋ. ನಾನು ಅದನ್ನು ನೋಡಿ ನಾಚಲಿಲ್ಲ. ಹತ್ತು ಪ್ರತಿ ಹೆಚ್ಚಿಗೆ ಕೇಳಿ ತೆಗೆದುಕೊಂಡೆ.

ಅದಾದ ಎರಡು ತಿಂಗಳಿಗೆ ಔರಾದಿನ ಕೂಟಕ್ಕೆ ಹತ್ತಿರದ ಡಾಬಕಾ ಹಳ್ಳಿಯ ಒಬ್ಬ ಮುದುಕ ಬಂದಿದ್ದ, ಮೊಮ್ಮಗಳನ್ನು ಕರೆದುಕೊಂಡು. ಕೂಟ ಮುಗಿದು ಎಲ್ಲರೂ ಚಹಾ ಕುಡಿಯುವಾಗ ನನ್ನ ಹತ್ತಿರ ಬಂದ.

"ನಿಮ್ಮಪ್ಪ ಗಂಜಿನಾಗ ಹಮಾಲಿ ಮಾಡ್ತಿದ್ನಲ್ಲ?"

"ಹೌದ್ರಿ."

"ನಾ ತೊಗರಿ ತರ್ತಿದ್ದೆ ಅಲ್ಲಿಗಿ. ತಲಿಗಿ ಕೆಂಪು ವಲ್ಲಿ ಸುತ್ತತಿದ್ದ. ಚೀಲ ಹೊರೋವಾಗ ನಿಮ್ಮ ದೇವ್ರ ಹಾಡೇ ಗುನುಗ್ತಿದ್ದ. ಉಳಿದ ಹಮಾಲ್ರು ಕಾಡ್ಸೋರು, 'ಏ ಪಾದ್ರಿ, ಒಂದ ಗುಟುಕು ತಗೊ, ಚೀಲ ಹಗುರಾಗ್ತಾವ' ಅಂತ. ಮುಟ್ಟತಿರ್ಲಿಲ್ಲ."

"ಅವ್ರೇರಿ ನಮ್ಮಪ್ಪ."

ಮುದುಕ ಬಟ್ಟಲು ಕೆಳಗಿಟ್ಟ. "ಮತ್ತ ನೀ ಅಲ್ಲಿ ನಿಂತು ಹೇಳ್ದಿ ಅಲ್ಲ, ಅಂವ ಯಾರು?"

ಬೀದರಿಗೆ ಬಂದವನೇ ಅವ್ವನ ಮುಂದೆ ಕೂತು, ಅಪ್ಪ ಕುಡೀತಿದ್ನಾ ಎಂದು ಕೇಳಿದೆ. ಅವ್ವ ಎದ್ದು ಹೋಗಿ ತನ್ನ ಬೈಬಲ್ ತಂದಳು. ಅದರೊಳಗೆ ಆ ಪತ್ರಿಕೆ ನಾಲ್ಕು ಮಡಿಕೆಯಾಗಿ ಇತ್ತು.

"ಓದೇನಿ. ಎರಡ ತಿಂಗ್ಳಾತು."

"ಓದಿ ಸುಮ್ನ ಯಾಕ ಕುಂತಿದ್ದಿ?"

"ಎಂ.ಎ. ಕಲ್ತಾಂವ ನೀನು. ನನಗ ಗೊತ್ತಿಲ್ಲದ್ದು ನಿನಗ ಗೊತ್ತಿರಬೇಕು ಅಂದ್ಕೊಂಡೆ."

"ಮತ್ತ ಆ ಬಾಟ್ಲಿ? ನಾ ನೋಡೇನಲ್ಲ. ವಾಸನಿ ಇತ್ತಲ್ಲ."

ಅವ್ವ ಹೇಳಿದಳು. ಲಾರಿಯಿಂದ ಚೀಲ ಜಾರಿ ಅಪ್ಪನ ಬೆನ್ನಿನ ಮೇಲೆ ಬಿದ್ದಿತ್ತು. ಓಣಿಯ ಮುದುಕಿಯೊಬ್ಬಳು ಸಾರಾಯಿಯಲ್ಲಿ ಕರ್ಪೂರ ಕಲಸಿ ತಿಕ್ಕಲು ಹೇಳಿದಳು. ಸಭೆಯವರು ನೋಡಿದರೆ ಏನೆಂದಾರು ಎಂದು ಅಪ್ಪ ಬೇಡವೆಂದ. ಅವ್ವ ಸೆರಗು ಮುಂದಕ್ಕೆಳೆದುಕೊಂಡು ತಾನೇ ಸಾರಾಯಿ ಅಂಗಡಿಗೆ ಹೋದಳು. ಅಲ್ಲಿದ್ದವರು, 'ಏನಕ್ಕಾ, ಇವತ್ತ ಮನ್ಯಾಗ ದಾವತ್ ಅದೇನು?' ಎಂದು ನಕ್ಕರು. ಮನೆಗೆ ಬಂದು ಬಾಗಿಲಲ್ಲಿ ಕೂತು ಅತ್ತಳು.

"ಬಾಟ್ಲಿ ನೆನಪದ, ವಾಸನಿ ನೆನಪದ, ನಾ ಅತ್ತಿದ್ದು ನೆನಪದ. ಯಾಕ ಅತ್ತೆ ಅಂತ ಒಂದ ಸಲಾನೂ ಕೇಳ್ಲಿಲ್ಲ ನೀ," ಎಂದಳು. ಆಮೇಲೆ ಸ್ವಲ್ಪ ನಕ್ಕಂತೆ ಮಾಡಿ, "ಕುಡ್ದದ್ದು ನಿಮ್ಮಪ್ಪನ ಬೆನ್ನು. ನಿಮ್ಮಪ್ಪ ಅಲ್ಲ," ಎಂದಳು.

ಮರುದಿನ ಅಣ್ಣನ ಕೋಣೆಗೆ ಹೋಗಿ, ಮುಂದಿನ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಬೇಕು ಎಂದೆ. ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನಿನ್ನ ಸಾಕ್ಷಿ ಕೇಳಿ ಭಾಲ್ಕ್ಯಾಗ ಇಬ್ರು ಹುಡುಗ್ರು ಕುಡಿಯೋದು ಬಿಟ್ಟಾರ. ಸುಳ್ಳಂತ ಹೇಳಿ ಅವ್ರನ್ನ ಮತ್ತ ಅಂಗಡಿಗಿ ಕಳಸ್ತೇನು?"

"ಸುಳ್ಳು ಹೇಳಿ ನಮ್ಮಪ್ಪನ ಹೆಸ್ರು ಕೆಡಿಸೇವಲ್ಲ ಅಣ್ಣಾ."

"ನಿಮ್ಮಪ್ಪ ಕರ್ತನ ಹತ್ರ ಆರಾಮ ಇದ್ದಾನ. ಹೋದಾಂವಗ ಹೆಸ್ರು ಯಾಕ ಬೇಕು?"

ಈ ಮಾತಿಗೆ ನನ್ನಲ್ಲಿ ಎದ್ದ ಕೋಪ ಇನ್ನೂ ಆರಿಲ್ಲ. ಬದುಕಿಡೀ ಬೇರೆಯವರ ಚೀಲ ಹೊತ್ತ ಮನುಷ್ಯ. ಅವನದು ಎಂದು ಉಳಿದದ್ದು ಆ ಹೆಸರೊಂದೇ. ಬೆನ್ನು ಮುರಿದು ಬಿದ್ದಾಗಲೂ ಅದನ್ನು ಕಾಯ್ದುಕೊಂಡ. ನಾವು ಅದನ್ನು ಹಲ್ಲೆಲೂಯಕ್ಕೆ ಉರಿಸಿದೆವು. ಉರಿಸಿ ಅದಕ್ಕೆ ದೇವರ ಮಹಿಮೆ ಎಂದೆವು. ಸತ್ಯಕ್ಕೆ ಇಷ್ಟು ಹೆದರುವ ದೇವರಾದರೆ ಅವನನ್ನು ನಂಬಿಯಾದರೂ ಏನು?

ಆ ಶನಿವಾರ ಭಾಲ್ಕಿಯಲ್ಲಿ ಎದ್ದು ನಿಂತು, ಇಷ್ಟು ದಿನ ಹೇಳಿದ್ದು ಸುಳ್ಳು, ನನ್ನ ತಂದೆ ಎಂದೂ ಕುಡಿದವನಲ್ಲ, ಅದು ಬೆನ್ನಿನ ಔಷಧಕ್ಕೆ ಮನೆಗೆ ಬಂದ ಸಾರಾಯಿ ಎಂದೆ. ಅಣ್ಣ ಮೆಲ್ಲಗೆ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡ. "ನೋಡ್ರಿ, ಕರ್ತ ಈ ತಮ್ಮನ್ನ ಸುಳ್ಳಿನ ಆತ್ಮದಿಂದ ಬಿಡುಗಡಿ ಮಾಡ್ಯಾನ," ಎಂದ. ಹಲ್ಲೆಲೂಯ ಬಿತ್ತು, ಹಿಂದೆಂದಿಗಿಂತ ಜೋರಾಗಿ. ಹೊರಗೆ ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಇದು ಮೊದಲಿಂದಕಿಂತ ಛಲೋ ಆಯ್ತು. ನಾಳಿ ಔರಾದದಾಗೂ ಇದನ್ನೇ ಹೇಳು."

ಸಂಜೆ ಮನೆಯಲ್ಲಿ ಅವ್ವ ಕಾಯುತ್ತಿದ್ದಳು.

"ಹೇಳ್ದ್ಯಾ?"

"ಹೇಳ್ದೆ."

"ಅಂಗಡಿಗಿ ಹೋದಾಕಿ ನಾನಂತ?"

ಅದನ್ನು ಬಿಟ್ಟಿದ್ದೆ. ಅವಳ ಮಾನ ಉಳಿಸಲೆಂದು ಬಿಟ್ಟೆ ಎಂದುಕೊಂಡಿದ್ದೆ.

"ಹಂಗಾದ್ರ ಇದೂ ಅರ್ಧ ಆಯ್ತು," ಎಂದಳು. "ಕೋರ್ಟ ಕಚೇರ್ಯಾಗ ಗವಾಹಿ, ಅದೇ ಸಾಕ್ಷಿ, ಯಾರು ಹೇಳ್ತಾರ? ಕಂಡಾಂವ ಹೇಳ್ತಾನ, ಇಲ್ಲ ಮಾಡ್ದಾಂವ ಹೇಳ್ತಾನ. ನೀ ಏನು ಕಂಡಿ? ನಾಳಿ ನಾನೂ ಬರ್ತೇನಿ."

ಔರಾದಿನಲ್ಲಿ ಸಾಕ್ಷಿಯ ಹೊತ್ತು ಬಂದಾಗ ಅಣ್ಣ ನನ್ನ ಕಡೆ ನೋಡಿದ. ಎದ್ದದ್ದು ಅವ್ವ. ಮೈಕ್ ಕೊಡಲು ಹೋದರೆ ಬೇಡವೆಂದು ಕೈ ಆಡಿಸಿದಳು.

"ನನ್ನ ಗಂಡ ಕುಡೀತಿರ್ಲಿಲ್ಲ. ಬೆನ್ನಿಗಿ ತಿಕ್ಕಲಿಕ್ಕ ಸಾರಾಯಿ ತಂದಾಕಿ ನಾನು. ಅಂಗಡಿ ಮುಂದ ನಿಂತು ತಂದೇನಿ. ತಿಕ್ಕಿದಾಕೀನೂ ನಾನೇ. ಅಂವ ನನಗ ಹೊಡ್ದಿಲ್ಲ. ನಮ್ಮ ಬೈಬಲ್ಲೂ ಹರ್ದಿಲ್ಲ, ಇಲ್ಲೇ ಅದ ನೋಡ್ರಿ."

ಬೈಬಲ್ ಎತ್ತಿ ತೋರಿಸಿ ಕೂತಳು. ಅಣ್ಣ ಬಾಯಿ ತೆರೆದ. ಯೇಸುವೂ ಬಾರದ, ಬದಲಾವಣೆಯೂ ಇಲ್ಲದ ಆ ಮಾತಿಗೆ ಹಲ್ಲೆಲೂಯ ಎಲ್ಲಿ ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಡಾಬಕಾದ ಮುದುಕ, "ಖರೇ ಅದ," ಎಂದ. ಅಷ್ಟೇ. ಯಾರೋ ಹಾಡು ಎತ್ತಿದರು.

ಪತ್ರಿಕೆಯಲ್ಲಿ ತಿದ್ದುಪಡಿ ಇಂದಿಗೂ ಬಂದಿಲ್ಲ. ನಾನು ಕೂಟಕ್ಕೆ ಈಗಲೂ ಹೋಗುತ್ತೇನೆ, ಹಾಡುತ್ತೇನೆ; ಸಾಕ್ಷಿ ಕೇಳಿದರೆ ಪೆನ್ಸಿಲ್ ಡಬ್ಬಿಯದನ್ನು ಹೇಳುತ್ತೇನೆ. ಯಾರಾದರೂ ಆಕಳಿಸಿದರೆ ಆಕಳಿಸಲಿ.

ಅವ್ವ ಎದ್ದು ಹೇಳಿದ ದಿನ ಔರಾದಿನಿಂದ ಬೀದರಿಗೆ ಮರಳುವ ಬಸ್ಸಿನಲ್ಲಿ, ಆ ಮುದುಕ ಅಪ್ಪ ತಲೆಗೆ ಸುತ್ತುತ್ತಿದ್ದ ಕೆಂಪು ವಲ್ಲಿಯನ್ನೂ ನೆನಪಿಟ್ಟಿದ್ದಾನೆ ಎಂದು ಅವ್ವನಿಗೆ ಹೇಳಿದೆ.

"ಕೆಂಪು ಎಲ್ಲಿತ್ತು? ಬಿಳೀದಿತ್ತು," ಎಂದಳು ಅವ್ವ. ಕಿಟಕಿಯ ಹೊರಗೆ ಔರಾದಿನ ಕರಿ ನೆಲ ಮುಗಿದು ಬೀದರಿನ ಕೆಂಪು ನೆಲ ಶುರುವಾಗುತ್ತಿತ್ತು. "ನಮ್ಮೂರ ಮಣ್ಣಿಗಿ ಕೆಂಪಾಗಿತ್ತು. ಎಷ್ಟ ಒಗದ್ರೂ ಹೋಗ್ತಿರ್ಲಿಲ್ಲ."