ಅನಸೂಯಮ್ಮನ ಹನ್ನೊಂದು ಮೀನು

ಟೆಕ್ಸಸ್ಸಿನ ಮರ್ಫಿ ಊರಿನ ಆ ರಸ್ತೆಯಲ್ಲಿ ಅನಸೂಯಮ್ಮನ ವಿಷಯ ಎತ್ತಿದರೆ ಸಾಕು, ವಾಕಿಂಗ್ ಹೊರಟವರು ನಿಂತುಬಿಡುತ್ತಿದ್ದರು. ಅವರ ಗ್ಯಾರೇಜಿನಲ್ಲಿ ಎದೆಮಟ್ಟದ ರಬ್ಬರ್ ಷರಾಯಿಯೊಂದು ತಲೆಕೆಳಗಾಗಿ ನೇತಾಡುವುದನ್ನು ಮೊದಲು ಕಂಡವರು, ಪ್ರಹ್ಲಾದರ ಹೆಂಡತಿ ಈ ವಯಸ್ಸಿನಲ್ಲಿ ಮೋರಿ ರಿಪೇರಿ ಕೆಲಸಕ್ಕೆ ಸೇರಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ಎದುರುಮನೆಯ ರಮಾ ಅದನ್ನು ತಿದ್ದಿದಳು.

“ಮೋರಿ ಅಲ್ಲ ಕಣ್ರೀ, ಮೀನು! ಈರುಳ್ಳಿ ಹೆಚ್ಚೋ ಚಾಕೂನೇ ಬೇರೆ ಇಡೋ ಮನೆ ಅದು. ಅಂಥವರು ಹೋಗಿ ಮೀನು ಹಿಡೀತಾರೆ!”

“ತಿಂತಾರಾ?”

“ತಿನ್ನಲ್ವಂತೆ. ಹಿಡಿದು, ನೋಡಿ, ಬಿಟ್ಬಿಡ್ತಾರಂತೆ.”

“ಥೂ! ಅದಕ್ಕಿಂತ ತಿನ್ನೋದೇ ವಾಸಿ.”

ಈ ಮಾತು ಅನಸೂಯಮ್ಮನ ಕಿವಿಗೂ ಬಿದ್ದಿತು. ಅವರು ಮೂಗು ಮುರಿದರು, ಅಷ್ಟೇ. ಪ್ರಹ್ಲಾದರಿಗೆ ಮಾತ್ರ ಇದೆಲ್ಲ ತಮಾಷೆ. “ನಮ್ಮನೇಲಿ ಬೇಟೆಗೆ ಹೋಗೋದು ಹೆಂಗಸರು, ಕುಕ್ಕರ್ ಇಡೋದು ಗಂಡಸರು” ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇದು ಶುರುವಾದದ್ದು ಹೇಗೆ ಅಂತೀರಿ? ಹನ್ನೆರಡು ವರ್ಷದ ಹಿಂದೆ, ಅನಸೂಯಮ್ಮನ ಐವತ್ತೊಂದನೆಯ ವಯಸ್ಸಿನಲ್ಲಿ, ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿಗಾಗಿ ಅವರ ಬಲಗಡೆಯ ಸ್ತನ ತೆಗೆದರು. ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಆಮೇಲೆ ಕೈ ಮೇಲಕ್ಕೇಳದು. ಜಡೆ ಹೆಣೆಯಲೂ ಆಗದು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿ ಮಾಡಿ ಅವರಿಗೆ ಗೋಡೆಯ ಮೇಲೇ ಹೇಸಿಗೆ ಬಂದಿತ್ತು. ಆಗ ವ್ಯಾಯಾಮ ಕಲಿಸುತ್ತಿದ್ದ ಅಮೆರಿಕನ್ ಹೆಂಗಸೊಬ್ಬಳು ಅವರನ್ನು ಬಯಲಿಗೆ ಕರೆದೊಯ್ದು, ಒಂದು ಉದ್ದನೆಯ ಸಪೂರ ಗಾಳದ ಕೋಲು ಕೈಗಿಟ್ಟಳು. ಹಿಂದಕ್ಕೆ ಎತ್ತು, ಒಂದು ಉಸಿರು ತಡೆ, ಮುಂದಕ್ಕೆ ಬಿಡು. ತುದಿಯಲ್ಲಿ ಕೊಕ್ಕೆ ಇಲ್ಲ, ಬರೀ ನೂಲು. ಆ ನೂಲು ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ ಹುಲ್ಲಿನ ಮೇಲೆ ಸದ್ದಿಲ್ಲದೆ ಬಿದ್ದಾಗ, ಮೂರು ತಿಂಗಳಿಂದ ಅಳದಿದ್ದ ಅನಸೂಯಮ್ಮ ಅತ್ತುಬಿಟ್ಟರು.

ಹುಲ್ಲಿನಿಂದ ನೀರಿಗೆ ಬರಲು ತಡವಾಗಲಿಲ್ಲ. ಸಣ್ಣ ಕೊಕ್ಕೆಗೆ ಗರಿಯ ಎಳೆ, ಮೊಲದ ತುಪ್ಪಳ ಸುತ್ತಿ ಅದಕ್ಕೆ ಹುಳುವಿನ ವೇಷ ಹಾಕುವುದನ್ನು ಕಲಿತರು. ಗರಿ, ತುಪ್ಪಳ ಒಳಗೆ ತರುವಂತಿಲ್ಲವೆಂದು ತಮಗೆ ತಾವೇ ನಿಯಮ ಹಾಕಿಕೊಂಡು, ಗ್ಯಾರೇಜಿನ ಮೂಲೆಯಲ್ಲಿ ಮೇಜು ಹಾಕಿಕೊಂಡರು. ಮೀನಿನ ಬಾಯಿ ಹರಿಯದಂತೆ ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡುತ್ತಿದ್ದರು. ಬೆಳಗಿನ ಜಾವ ಹೊರಟು, ಆಸ್ಟಿನ್ ದಾಟಿ, ಐದು ತಾಸು ಡ್ರೈವ್ ಮಾಡಿ, ಗ್ವಾಡಲೂಪೆ ನದಿಗೆ ಹೋಗುವುದು. ಟೆಕ್ಸಸ್ಸಿನ ಬಿಸಿಲಿಗೆ ಟ್ರೌಟ್ ಎಂಬ ತಣ್ಣೀರಿನ ಮೀನು ಬಾಳುವುದುಂಟೆ? ಆದರೆ ಅಲ್ಲಿ ಅಣೆಕಟ್ಟಿನ ತಳದಿಂದ ಬಿಡುವ ನೀರು ತಣ್ಣಗಿರುತ್ತದೆ. ಅದಕ್ಕೇ ಚಳಿಗಾಲದಲ್ಲಿ ಸರ್ಕಾರದವರು ಲಾರಿಯಲ್ಲಿ ಟ್ರೌಟ್ ತಂದು ಬಿಡುತ್ತಾರೆ.

ಆ ಲಾರಿ ಬರುವ ದಿನದ ನೋಟ ಅನಸೂಯಮ್ಮನಿಗೆ ಸೇರದು. ಕೊಳವೆಯಿಂದ ಲೋಳೆಯ ನೀರಿನೊಂದಿಗೆ ಮೀನು ದಬದಬ ಸುರಿಯುವುದು, ಸಾಕಣೆಯ ತೊಟ್ಟಿಯಲ್ಲಿ ಗುಳಿಗೆಯಂಥ ಆಹಾರ ತಿಂದು ಬೆಳೆದ ಆ ಮೂಕಪ್ರಾಣಿಗಳು ದಿಕ್ಕು ತೋಚದೆ ಒಂದೇ ಕಡೆ ಮುದುರಿ ನಿಲ್ಲುವುದು, ದಡದಲ್ಲಿ ಬಕೆಟ್ಟು ಹಿಡಿದವರ ನೂಕುನುಗ್ಗಲು, ಪ್ಲಾಸ್ಟಿಕ್ ಚೀಲ, ಉಗುಳು. ಅವರು ಅತ್ತ ತಲೆ ಹಾಕುತ್ತಿರಲಿಲ್ಲ. ಗುಂಪು ಕರಗಿ, ಮೀನು ಹರಿವಿಗೆ ಹೊಂದಿಕೊಂಡ ಮೇಲೆ ಹೋಗುತ್ತಿದ್ದರು. ಫೆಬ್ರುವರಿ ಕಳೆದು ನೀರಿನ ಮೇಲೆ ಸಣ್ಣ ರೆಕ್ಕೆಹುಳುಗಳು ಏಳತೊಡಗಿದಾಗ ಅವರ ಸುಗ್ಗಿ. ಯಾವ ಹುಳು ಏಳುತ್ತದೋ ಅದೇ ಬಣ್ಣದ ವೇಷ ಕೊಕ್ಕೆಗೆ. ಜೂನ್ ಬಂತೆಂದರೆ ಕೋಲು ಗ್ಯಾರೇಜಿನ ಅಟ್ಟಕ್ಕೆ. ನೀರು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಅದರಲ್ಲಿ ಉಸಿರು ಕಡಿಮೆ, ಕೊಕ್ಕೆಗೆ ಬಿದ್ದು ಒದ್ದಾಡಿದ ಮೀನು ಮತ್ತೆ ಚೇತರಿಸಿಕೊಳ್ಳಲಾರದು. ಅಕ್ಟೋಬರಿನ ತನಕ ನದಿ ಟ್ಯೂಬಿನವರ ಪಾಲು: ಗಾಳಿ ತುಂಬಿದ ಟೈರಿನಲ್ಲಿ ಮಲಗಿ, ಬಿಯರ್ ಡಬ್ಬ ಎಸೆಯುತ್ತ, ಸನ್‌ಸ್ಕ್ರೀನಿನ ಎಣ್ಣೆ ನೀರ ಮೇಲೆ ಬಿಡುತ್ತ ತೇಲಿಹೋಗುವವರು.

ಲಾರಿಯ ಮೀನು ಜುಲೈ ಹೊತ್ತಿಗೆ ಸಾಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಒಂದು ತಿರುವಿನಲ್ಲಿ, ಬೃಹತ್ ಸೈಪ್ರೆಸ್ ಮರದ ಬೇರಿನ ಕೆಳಗೆ, ಒಂದು ಮಡು. ಬೇರಿನ ಬುಡದಲ್ಲಿ ತಣ್ಣನೆಯ ಒರತೆ. ಅಲ್ಲಿ ಬೇಸಿಗೆಯಲ್ಲೂ ಟ್ರೌಟ್ ನಿಂತಿದ್ದುದನ್ನು ಅನಸೂಯಮ್ಮ ಕಂಡುಹಿಡಿದರು. ಮೊದಲ ವರ್ಷ ನಾಲ್ಕು, ಆಮೇಲೆ ಏಳು, ಹೋದ ಬೇಸಿಗೆಯ ಕೊನೆಗೆ ಹನ್ನೊಂದು. ಒಂದರ ಬಾಲದ ತುದಿ ಹರಿದಿತ್ತು. ಅದು ಎರಡು ಬೇಸಿಗೆ ಕಂಡ ಮೀನು. ಸಾಯಲೆಂದೇ ತಂದು ಸುರಿದವು ಬದುಕಿ ನಿಂತಿದ್ದವು. ಆಸ್ಪತ್ರೆಯಲ್ಲಿ ತಮಗೂ ಇಷ್ಟೇ ವರ್ಷ ಅಂತ ಲೆಕ್ಕ ಹೇಳಿದ್ದರಲ್ಲ, ಅದಕ್ಕೋ ಏನೋ, ಈ ಹನ್ನೊಂದೂ ಈ ಬೇಸಿಗೆಯನ್ನೂ ದಾಟಬೇಕು ಎಂಬುದೊಂದೇ ಅವರ ಆಸೆ. ಬೇಸಿಗೆಯಲ್ಲಿ ಕೋಲಿಲ್ಲದೆ, ಥರ್ಮಾಮೀಟರ್ ಒಂದನ್ನೇ ಹಿಡಿದು ಹೋಗಿ, ಎಣಿಸಿ ಬರುತ್ತಿದ್ದರು.

ಇಂಥ ಜಾಗ ಯಾರಿಗಾದರೂ ತೋರಿಸುತ್ತಾರೆಯೇ? ತೋರಿಸಿದರು. ಹತ್ತಿರದ ಸೌತ್‌ಲೇಕ್ ಊರಿನ ವಾಣಿಶ್ರೀ ಅವರ ಮೈಸೂರಿನ ಕಾಲೇಜು ಗೆಳತಿ. ಹ್ಯೂಸ್ಟನ್ ಆಸ್ಪತ್ರೆಗೆ ವಾರವಾರವೂ ಫ್ಲಾಸ್ಕಿನಲ್ಲಿ ಸಾರು ತುಂಬಿಕೊಂಡು ಬಂದವಳು. ಅವಳ ಗಂಡ ಅಪ್ಪಾಸಾಹೇಬರು ಧಾರವಾಡದವರು, ಹೃದಯದ ಡಾಕ್ಟರು, ಅನ್ನದಲ್ಲಿ ಇರುವೆ ಸಿಕ್ಕರೂ ಎತ್ತಿ ಹೊರಗೆ ಬಿಟ್ಟು ಬರುವ ಜೀವ. ಅವರಿಗೆ ಗಾಳ ಬೀಸುವುದನ್ನು ಕಲಿಸಿದ್ದೇ ಅನಸೂಯಮ್ಮ. ಫೆಬ್ರುವರಿಯ ಒಂದು ಮಧ್ಯಾಹ್ನ, ಕಲಿಸಿದವರ ಹೆಮ್ಮೆ ತಡೆಯಲಾರದೆ, ಮಡುವಿಗೂ ಕರೆದುಕೊಂಡು ಹೋದರು.

ಆಗಸ್ಟಿನಲ್ಲಿ ಡಾಕ್ಟರ ಫೋನು ಬಂತು.

“ಅನಸೂಯಕ್ಕಾರ, ಹ್ಯೂಸ್ಟನ್ನಿಂದ ನಮ್ಮ ಇಬ್ರು ಡಾಕ್ಟರ್ ದೋಸ್ತರು ಬರಾಕತ್ತಾರ್ರಿ. ನಿಮ್ಮ ಆ ಮಡುವಿಗೆ ಹೋಗೂಣು ಅಂತ.”

“ಬೇಡ ಡಾಕ್ಟ್ರೇ. ನೀರು ಎಪ್ಪತ್ತೆರಡಿದೆ. ಅಕ್ಟೋಬರ್ ಆಗ್ಲಿ.”

“ಅಯ್ಯ, ನಾವೇನು ತಿನ್ನಾಂವ್ರೇನ್ರಿ? ಹಿಡಿಯೂದು, ಕೈ ಮುಗಿಯೂದು, ಬಿಡೂದು. ಒಂದು ಜೀವಕ್ಕೂ ಧಕ್ಕಿ ಇಲ್ಲ.”

“ಹಾರ್ಟ್ ಡಾಕ್ಟ್ರಿಗೆ ನಾನು ಹೇಳ್ಬೇಕಾ? ಉಸಿರೇ ಸಿಗದ ರೋಗೀನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಆಮೇಲೆ ನಮಸ್ಕಾರ ಮಾಡಿ ಮನೆಗೆ ಕಳಿಸ್ತೀರಾ?”

ಅಪ್ಪಾಸಾಹೇಬರು ಗಹಗಹಿಸಿ ನಕ್ಕರು. “ಆತ್ರಿ, ಆತ್ರಿ. ನಿಮ್ಮ ಮಾತು ಮೀರೂದಿಲ್ಲ.”

ಮೀರಿದರು. ಗುರುವಾರ ಬೆಳಿಗ್ಗೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಬಂದವು. ಎರಡೂ ಅಂಗೈ ಮೇಲೆ ಮೀನು, ಹಿಂದೆ ಅದೇ ಸೈಪ್ರೆಸ್ ಬೇರು, ಡಾಕ್ಟರ ಮುಖದಲ್ಲಿ ಮಗು ಹುಟ್ಟಿದ ಅಪ್ಪನ ನಗು. ಒಂದೊಂದು ಮೀನಿಗೂ ನಾಲ್ಕು ನಾಲ್ಕು ಫೋಟೋ. ಅಷ್ಟು ಹೊತ್ತೂ ಅದು ನೀರಿನಿಂದಾಚೆ. ಕೆಳಗೆ ಬರೆದಿದ್ದರು: “ನಿನ್ನೆ ಸಂಜೆ ಒಂಬತ್ತು ಹಿಡಿದೆವು, ಒಂಬತ್ತನ್ನೂ ಬಿಟ್ಟೆವು. ಶುದ್ಧ ಸಸ್ಯಾಹಾರಿ ಶಿಕಾರಿ!” ಅದರ ಕೆಳಗೆ ಸಾಲು ಸಾಲು ಕೈ ಮುಗಿದ ಚಿತ್ರಗಳು.

ಅನಸೂಯಮ್ಮ ಕುಡಿಯುತ್ತಿದ್ದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಕಾರು ಹತ್ತಿದರು.

ನಡುಮಧ್ಯಾಹ್ನ ನದಿಗಿಳಿದಾಗ ಮಡು ಬರಿದಾಗಿತ್ತು. ಬೇರಿನ ಕೆಳಗೆ ಎರಡು ಕಪ್ಪು ನೆರಳು ಅಲುಗಿದವು, ಅಷ್ಟೇ. ಅವರು ಹರಿವಿನ ಜೊತೆ ಕೆಳಗೆ ನಡೆದರು. ಇಪ್ಪತ್ತು ಹೆಜ್ಜೆ ಆಚೆ, ಕಲ್ಲಿನ ಸಂದಿಯಲ್ಲಿ ಮೊದಲನೆಯದು: ಹೊಟ್ಟೆ ಮೇಲಾಗಿ, ಬೂದಿ ಬಣ್ಣಕ್ಕೆ ತಿರುಗಿ. ಏಡಿಯಂಥ ಸಣ್ಣ ಪ್ರಾಣಿಯೊಂದು ಅದರ ಕಣ್ಣು ಕೀಳುತ್ತಿತ್ತು. ಪಾಚಿಯಲ್ಲಿ ಸಿಕ್ಕಿಕೊಂಡು ಮೂರು, ಬಿಯರ್ ಡಬ್ಬಗಳ ನಡುವೆ ನಾಲ್ಕು. ಒಟ್ಟು ಎಂಟು. ಹರಿದ ಬಾಲದ್ದೂ ಅದರಲ್ಲಿತ್ತು. ಸತ್ತ ಮೀನನ್ನು ಅವರು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಇಂಡಿಯನ್ ಅಂಗಡಿಯ ಚೀಲವನ್ನು ಕೈಗೆ ಸುತ್ತಿಕೊಂಡು ಎತ್ತಿದರು. ಚೀಲ ಜಾರಿ, ಮೀನಿನ ಚರ್ಮ ಬರಿಬೆರಳಿಗೇ ಕಳಚಿಕೊಂಡು ಬಂತು. ಒಮ್ಮೆ ದಡದಲ್ಲಿ ವಾಂತಿ ಮಾಡಿಕೊಂಡರು, ಬಾಯಿ ತೊಳೆದುಕೊಂಡು ಮತ್ತೆ ಇಳಿದರು. ಪೆಟ್ರೋಲ್ ಬಂಕಿನಲ್ಲಿ ಐಸ್ ಕೊಂಡು, ಕಾರಿನಲ್ಲಿದ್ದ ಕೂಲರ್ ಪೆಟ್ಟಿಗೆಗೆ ತುಂಬಿ, ಮೀನನ್ನು ಅದರಲ್ಲಿಟ್ಟರು.

ಆ ರಾತ್ರಿಯ ಮಟ್ಟಿಗೆ ಆಸ್ಟಿನ್ನಿನಲ್ಲಿ, ದ ಡೊಮೇನ್ ಎಂಬ ಬಡಾವಣೆಯ ಹತ್ತಿರವಿದ್ದ ತಮ್ಮನ ಮಗಳು ಶ್ರಾವಣಿಯ ಫ್ಲ್ಯಾಟಿನಲ್ಲಿ ಉಳಿದರು.

“ಅತ್ತೆ, ಏನದು ವಾಸನೆ? ಫ್ರಿಜ್‌ನಲ್ಲಿ ಮಾತ್ರ ಬೇಡ, ಪ್ಲೀಸ್!”

“ಬಾಲ್ಕನೀಲಿ ಇಡ್ತೀನಿ ಬಿಡು.”

“ಏನ್ಮಾಡ್ತೀರಾ ಅದನ್ನ?”

“ಯಾರದೋ ಅವರಿಗೆ ತಲುಪಿಸ್ತೀನಿ.”

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ವಾಣಿಶ್ರೀ ಮನೆಯ ಅರಿಶಿನ ಕುಂಕುಮಕ್ಕೆ ಇಪ್ಪತ್ತು ವರ್ಷದಿಂದ ಅನಸೂಯಮ್ಮ ತಪ್ಪಿಸಿದವರಲ್ಲ. ಆ ಸಂಜೆಯೂ ತಪ್ಪಿಸಲಿಲ್ಲ. ಮನೆ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಹೋಳಿಗೆಯ ಘಮ. ಬೆಳ್ಳಿ ಮುಖವಾಡದ ಕಳಶದ ಮುಂದೆ ದೀಪ. ದೊಡ್ಡ ಟಿವಿಯಲ್ಲಿ ಅಪ್ಪಾಸಾಹೇಬರು ನೆಂಟರಿಗೆ ಅದೇ ಫೋಟೋಗಳನ್ನು ತೋರಿಸುತ್ತಿದ್ದರು.

“ಬರ್ರಿ ಬರ್ರಿ, ನಮ್ಮ ಗುರುಗಳು ಬಂದ್ರು!” ಎಂದವರು, ಅನಸೂಯಮ್ಮನ ಕೆಸರು ಬಡಿದ ಪ್ಯಾಂಟನ್ನೂ ಕೈಯ ಕೂಲರನ್ನೂ ನೋಡಿ ನಿಂತರು.

ಅನಸೂಯಮ್ಮ ಕೂಲರನ್ನು ಟಿವಿಯ ಕೆಳಗಿಟ್ಟು ಮುಚ್ಚಳ ತೆಗೆದರು. ಐಸ್ ಅರ್ಧ ಕರಗಿ ಕೆಂಗಂದು ನೀರಾಗಿತ್ತು. ನಾತ ಹೋಳಿಗೆಯ ಘಮವನ್ನು ಒಂದೇ ತುತ್ತಿಗೆ ನುಂಗಿತು. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು. ಯಾರದೋ ಮಗು “ಯಕ್!” ಎಂದು ಕಿರುಚಿತು.

“ನೀವು ಬಿಟ್ಟು ಬಂದ ಮೀನು ಡಾಕ್ಟ್ರೇ. ಎಂಟು ಸಿಕ್ಕವು. ಒಂಬತ್ತನೇದು ಎಲ್ಲಿ ಕೊಳೀತಿದ್ಯೋ ಗೊತ್ತಿಲ್ಲ.”

“ಇವು ಅವಲ್ಲ ಬಿಡ್ರಿ!” ಅಪ್ಪಾಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. ಫೋನು ಎತ್ತಿ ತೋರಿಸಿದರು. “ವಿಡಿಯೋ ಐತಿ ನೋಡ್ರಿ, ಹೆಂಗ ಬಾಲ ಬಡದು ಈಜ್ಕೊಂತ ಹೋತು!”

“ಹೋಯ್ತು. ಇಪ್ಪತ್ತು ಹೆಜ್ಜೆ ಈಜಿ ಸತ್ತುಹೋಯ್ತು. ಕೆಳಗೆ ಹೋಗಿ ನೋಡಿದ್ರಾ? ಕೈ ಮುಗಿದು, ಫೋಟೋ ತೆಗೆಸ್ಕೊಂಡು, ಪಾಪ ತೊಳೆದ್ಹಾಗಾಯ್ತು ಅಂತ ಬಂದ್ಬಿಟ್ರಿ. ತಿನ್ನೋಕೆ ಕೊಲ್ಲೋನು ಎಷ್ಟೋ ವಾಸಿ, ಕೊಂದೆ ಅಂತಾದ್ರೂ ಅವನಿಗೆ ಗೊತ್ತಿರುತ್ತೆ. ಥೂ.”

ಅಪ್ಪಾಸಾಹೇಬರು ಸೋಫಾದ ತುದಿಯಲ್ಲಿ ಕೂತರು. ಬಾಲ ಹರಿದದ್ದನ್ನು ಗುರುತಿಸಿದರೋ ಏನೋ, ಕಣ್ಣು ಕೂಲರಿನಿಂದ ಕೀಳಲಿಲ್ಲ. ಮಾತಾಡಿದ್ದು ವಾಣಿಶ್ರೀ.

“ಹಬ್ಬದ ಮನೆಗೆ ಹೆಣ ತಂದ್ಯಲ್ಲೇ ಅನಸೂಯಾ! ಲಕ್ಷ್ಮಿ ಕೂತಿದ್ದಾಳೆ, ಕಣ್ಣು ಕಾಣಲ್ವಾ? ಅವರೇನೋ ನೋಡ್ಲಿಲ್ಲ. ನೀನು ನೋಡಿದ್ಯಾ? ಹನ್ನೆರಡು ವರ್ಷ ಹಿಡಿದು ಹಿಡಿದು ಬಿಟ್ಟೆಯಲ್ಲ, ಒಂದೇ ಒಂದು ದಿನ ಕೆಳಗೆ ಹೋಗಿ ನೋಡಿದ್ಯೇನೇ? ಇವರಿಗೆ ಇದನ್ನ ಕಲಿಸಿದ್ದು ಯಾರು?”

ಅನಸೂಯಮ್ಮ ಬಾಯಿ ತೆರೆದರು. ಚಳಿಗಾಲದ ನೀರಿನಲ್ಲಿ ಬಹುಪಾಲು ಬದುಕುತ್ತವೆ ಎಂದು ಹೇಳಬೇಕೆಂದಿದ್ದರು. ಬಹುಪಾಲು ಎಂಬ ಮಾತು ನಾಲಿಗೆಗೆ ಬಂದು ಅಲ್ಲೇ ಕಹಿಯಾಯಿತು. ನೂರಾರು ಮೀನು ಅವರ ಅಂಗೈಯಿಂದ ಜಾರಿಹೋಗಿದ್ದವು. ಪ್ರತಿಸಲವೂ ಬಾಲ ಬಡಿದದ್ದನ್ನು ಕಂಡು, ನಕ್ಕು, ಮೇಲಕ್ಕೆ ತಿರುಗಿ ಮತ್ತೊಂದಕ್ಕೆ ನೂಲು ಬೀಸಿದ್ದರು. ಹರಿವಿನ ಕೆಳಗೆ ಹೋಗಿ ನೋಡಿದ್ದು ನಿನ್ನೆಯೇ ಮೊದಲು. ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಬೆರಳ ಸಂದಿಯಲ್ಲಿ ಒಂದು ತೆಳುವಾದ ಪೊರೆ ಒಣಗಿ ಹತ್ತಿತ್ತು. ಉಜ್ಜಿದರೂ ಹೋಗಲಿಲ್ಲ.

“ನೋಡಿಲ್ಲ” ಎಂದರು.

ಕೂಲರಿನ ಮುಚ್ಚಳ ಹಾಕಿದರು. ಭಾರಕ್ಕೆ ಬಲಗೈ ಹಳೆಯ ಗಾಯದ ಹತ್ತಿರ ಸೆಳೆಯಿತು. ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡು ಬಾಗಿಲ ಕಡೆ ಹೊರಟರು. ಯಾರೂ ದಾರಿ ಬಿಡಬೇಕಾಗಿ ಬರಲಿಲ್ಲ, ಎಲ್ಲರೂ ಮೊದಲೇ ಗೋಡೆಗೆ ಅಂಟಿಕೊಂಡಿದ್ದರು.

ವಾಣಿಶ್ರೀ ಹಿಂದೆಯೇ ಬಂದಳು. ಹಬ್ಬದ ದಿನ ಮುತ್ತೈದೆಯನ್ನು ಬರಿಹಣೆಯಲ್ಲಿ ಕಳಿಸಿ ಅಭ್ಯಾಸವಿಲ್ಲದವಳು, ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದಳು:

“ಅದನ್ನ ಹೊರಗಿಟ್ಟು, ಕೈ ತೊಳ್ಕೊಂಡು ಬಾ. ಕುಂಕುಮ ಇಟ್ಕೊಂಡು ಹೋಗು.”

“ಬೇಡ ವಾಣಿ. ತೊಳ್ದ್ರೆ ಹೋಗಲ್ಲ ಇದು.”

ಅವರು ಮೆಟ್ಟಿಲಿಳಿದರು. ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ, ಬಂದಿದ್ದರೂ ಅವರು ಹೋಗುತ್ತಿರಲಿಲ್ಲ. ಅವರು ಇಳಿಯುತ್ತಿದ್ದಾಗ ಬೆನ್ನ ಹಿಂದೆ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಆಗಲೇ ಯಾರೋ ಊದುಬತ್ತಿಯ ಹೊಸ ಕಟ್ಟು ಬಿಚ್ಚುತ್ತಿದ್ದರು.