ಭಾವನ ಗಾಜಿನ ಪೆಟ್ಟಿಗೆಗೆ ಒಂದು ಒಳ್ಳೆಯ ಮರಿ

ನಾನು ಚಿಕ್ಕವನಿದ್ದಾಗ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಹಾಕಿ ಇಡುತ್ತಿದ್ದೆ. ಅಳುವುದು, ಕಚ್ಚುವುದು, ಅಪ್ಪನ ಹತ್ತಿರ ದೂರು ಹೇಳುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹದಕ್ಕೆ ಬರುವವರೆಗೆ ಮುಟ್ಟುತ್ತಿರಲಿಲ್ಲ. ನಿಮ್ಮ ಅಜ್ಜ ಸಾಧು ಮನುಷ್ಯ ಎಂದು ನಿಮ್ಮ ಅಜ್ಜಿ ಬಂದವರ ಮುಂದೆಲ್ಲ ಹೇಳುತ್ತಾಳಲ್ಲ, ಪಾಪ, ಅವಳಿಗೆ ಈ ಕಥೆ ಗೊತ್ತಿಲ್ಲ.

ನಮ್ಮ ಮನೆ ಇದ್ದದ್ದು ಸುಳ್ಯದ ಹತ್ತಿರ, ಪಯಸ್ವಿನಿ ಹೊಳೆಯ ಬದಿಯಲ್ಲಿ. ಮನೆಮಾತು ಅರೆಭಾಷೆ. ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಪುತ್ತೂರಿನ ದರ್ಬೆಗೆ ಮದುವೆ ಮಾಡಿ ಕೊಟ್ಟಿದ್ದರು. ಅವರೂ ನಮ್ಮವರೇ, ಆದರೆ ಆ ಕಡೆಯವರು ಮನೆಯಲ್ಲಿ ಆಡುವುದು ತುಳು. ಅತ್ತೆಯ ಮಗನನ್ನು ನಾನು ಭಾವ ಎಂದು ಕರೆಯಬೇಕಿತ್ತು. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವ, ಜಂಬದಲ್ಲಿ ಹತ್ತು ವರ್ಷ ದೊಡ್ಡವ.

ಆ ಜಂಬಕ್ಕೆ ಕಾರಣ ಒಂದು ಗಾಜಿನ ಪೆಟ್ಟಿಗೆ. ಮಾವ ಮಂಗಳೂರಿನಿಂದ ತರಿಸಿ ಚಾವಡಿಯ ಕಿಟಕಿಯ ಪಕ್ಕ ಇಟ್ಟಿದ್ದರು. ಒಳಗೆ ಹೊಳೆಯ ಮರಳು, ಒಂದು ಶಂಖ, ಮೇಲೆ ಹಳದಿ ಬಲ್ಬು, ಬದಿಯಲ್ಲಿ ದುಂಬಿಯ ಹಾಗೆ ಗುಂಯ್‌ಗುಡುವ ಗಾಳಿಯ ಯಂತ್ರ. ಚಿನ್ನದ ಬಣ್ಣದ ಮೀನುಗಳು ನಡುವಿನಲ್ಲಿ ತೇಲುತ್ತಿದ್ದವು, ಬಾಲವೇ ಮೈಯಾಗಿದ್ದ ಸಣ್ಣ ಮೀನುಗಳು ಮೇಲೆ ಓಡಾಡುತ್ತಿದ್ದವು. ಸಂಜೆ ಬಲ್ಬು ಹೊತ್ತಿದಾಗ ದರ್ಬೆಯ ಮಕ್ಕಳೆಲ್ಲ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಭಾವ ಅಂಗಿಯ ಕೈ ಮೇಲೇರಿಸಿ, ನೀರಿಗೆ ಕೈ ಹಾಕಿ, ಶಂಖವನ್ನು ಸುಮ್ಮನೆ ಅತ್ತ ಇತ್ತ ಸರಿಸುತ್ತಿದ್ದ.

ಪೆಟ್ಟಿಗೆಗೆ ಒಂದೇ ಕೊರತೆ. ಮೇಲಿನ ಮೀನುಗಳು ತಿಂದು ಬಿಟ್ಟ ಆಹಾರ ಮರಳಿನ ಮೇಲೆ ಕೂತು ಕೊಳೆತು ವಾಸನೆ ಬರುತ್ತಿತ್ತು. ಒಂದು ದಸರಾ ರಜೆಯಲ್ಲಿ ಮಾವ ನನ್ನನ್ನು ಹತ್ತಿರ ಕರೆದು ಹೇಳಿದರು: "ನೋಡು, ಇದು ಮೂರು ಮಾಳಿಗೆಯ ಮನೆ. ಮೇಲೆ ಜನ ಉಂಟು, ನಡುವಿನಲ್ಲಿ ಉಂಟು, ಕೆಳಗೆ ಯಾರೂ ಇಲ್ಲ. ನೀನು ಹೊಳೆಯಲ್ಲೇ ಬಿದ್ದುಕೊಂಡಿರುವವ. ತಳದಲ್ಲಿ ಇರುವ ಮೀನು ತಂದುಕೊಡ್ತಿಯಾ? ದೊಡ್ಡದಾಗಿ ಬೆಳೆಯುದು ಬೇಡ, ಬೇರೆಯದನ್ನು ಕಚ್ಚುದು ಬೇಡ." ದೊಡ್ಡವರೊಬ್ಬರು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅದೇ ಮೊದಲು.

ಊರಿಗೆ ಮರಳಿದ ಮೇಲೆ ಕಲ್ಲಡಿಯಲ್ಲಿ ಬದುಕುವ ಎರಡು ಪುಟ್ಟ ಮೀನುಗಳನ್ನು ಹಿಡಿದೆ. ಮೈಮೇಲೆ ಕಂದು ಪಟ್ಟೆ, ಬಾಯಿಯ ಸುತ್ತ ದಾರದಷ್ಟು ತೆಳು ಮೀಸೆ. ಬಹಳ ನಾಚಿಕೆಯ ಮೀನು, ಜೊತೆ ಇಲ್ಲದಿದ್ದರೆ ಕೊರಗುತ್ತದೆ ಎಂದು ಅಕ್ಕ ಹೇಳಿದ್ದರಿಂದ ಎರಡು. ಅಪ್ಪನ ಜೊತೆ ಬಸ್ಸಿನಲ್ಲಿ, ಮುಚ್ಚಳದ ಕ್ಯಾನನ್ನು ತೊಡೆಯ ಮೇಲಿಟ್ಟು, ನೀರು ತುಳುಕದ ಹಾಗೆ ಉಸಿರು ಬಿಗಿಹಿಡಿದು ದರ್ಬೆಗೆ ತಂದೆ. ಮಾವ ಮನೆಯಲ್ಲಿರಲಿಲ್ಲ. ಭಾವನ ಗೆಳೆಯರು ಚಾವಡಿ ತುಂಬ ಇದ್ದರು. ಭಾವ ಕ್ಯಾನಿನೊಳಗೆ ಬಗ್ಗಿ ನೋಡಿ, "ಎಂತದಿದು, ಕೆಸರು ಬಣ್ಣದ್ದು. ತಂದವನ ಹಾಗೇ ಉಂಟು" ಎಂದ. ಗೆಳೆಯರು ನಕ್ಕರು. ಆ ನಗು ಕೇಳಿ ಅವನಿಗೆ ಇನ್ನಷ್ಟು ಹುರುಪು ಬಂದು, ಕ್ಯಾನನ್ನು ಹೊರಗೆ ಕೊಂಡುಹೋಗಿ ಚರಂಡಿಗೆ ಮಗುಚಿದ. ನಾನು ಓಡಿಹೋಗಿ ಕೈ ಹಾಕುವಷ್ಟರಲ್ಲಿ ಸೋಪಿನ ನೀರಿನಲ್ಲಿ ಏನೂ ಕಾಣಲಿಲ್ಲ.

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ಸಂಜೆ ಮಾವ ಬಂದು ಕೇಳಿದಾಗ, "ಸತ್ತ ಮೀನು ತಂದಿದ್ದ, ಬಿಸಾಡಿದೆ" ಎಂದ ಭಾವ. ಮಾವ ನನ್ನ ಕಡೆ ನೋಡಿ, "ಹೋಗಲಿ ಬಿಡು, ನಿನಗೆ ಗೊತ್ತಾಗಲಿಲ್ಲ" ಎಂದರು. ಹೊಳೆಯ ಬದಿಯಲ್ಲಿ ಹುಟ್ಟಿದ ನನಗೆ ಸತ್ತ ಮೀನು ಯಾವುದು, ಬದುಕಿದ್ದು ಯಾವುದು ಎಂದು ಗೊತ್ತಿಲ್ಲವಂತೆ. ಅಲ್ಲಿಂದ ಮುಂದೆ ಭಾವನ ಗೆಳೆಯರು ನನಗಿಟ್ಟ ಹೆಸರು ‘ತಳದ ಮೀನು’. ಅಂದೇ ಭರಣಿಗೆ ಉಪ್ಪು ಹಾಕಿದೆ.

ಬೇಸಗೆ ರಜೆ ಬರುವವರೆಗೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಅದೇ ಗೆಳೆಯರ ಮುಂದೆ ಭಾವನಿಗೆ ಮುಖಭಂಗವಾಗಬೇಕು, ಮಾವನಿಗೆ ನಿಜ ಗೊತ್ತಾಗಬೇಕು. ಹೊಳೆಯಲ್ಲಿ ನೀರು ಇಳಿದು ಮರಳು ಕಾಣತೊಡಗಿದಾಗ ನಾನು ತಳದ ಮೀನುಗಳನ್ನು ಆರಿಸಲು ಕೂತೆ. ಮಾವ ಹೇಳಿದ ಲಕ್ಷಣಗಳನ್ನು ತಲೆಕೆಳಗು ಮಾಡಿಕೊಂಡು ಹುಡುಕಿದೆ. ಮೊದಲು ಮನಸ್ಸಿಗೆ ಬಂದದ್ದು ಮುಗುಡು. ಕಪ್ಪು ಮೈ, ಚಪ್ಪಟೆ ತಲೆ, ಕೆಸರಿನಲ್ಲಿ ಬಿದ್ದುಕೊಂಡಿರುವ ಮೀಸೆಯ ಮೀನು. ಸಣ್ಣದೊಂದನ್ನು ಬಿಟ್ಟರೆ ಸಾಕು, ಭಾವನ ಗಾಜಿನ ಪೆಟ್ಟಿಗೆಯಲ್ಲಿ ಅದೊಂದೇ ಉಳಿಯುತ್ತಿತ್ತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾ ನನ್ನ ಯೋಜನೆಯನ್ನು ಪೂರ್ತಿ ಕೇಳಿದಳು.

"ಚಿನ್ನದ ಮೀನು ನಿನಗೆ ಎಂತ ಮಾಡಿದೆ?" ಎಂದಳು.

"ಎಂತದೂ ಮಾಡಲಿಲ್ಲ."

"ಹಾಗಾದರೆ ಅದಕ್ಕೆ ಯಾಕೆ ಶಿಕ್ಷೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗಿರುದನ್ನು ಹುಡುಕು."

ಅವಳು ಗಾದೆ ಹೇಳಿದ್ದು ಸುಮ್ಮನೆ, ಆದರೆ ನನಗೆ ಅದರಲ್ಲಿ ಕೇಳಿಸಿದ್ದು ಹಾವು. ನಮ್ಮ ಹೊಳೆಯಲ್ಲಿ ಒಂದು ಹಾವುಮೀನು ಇತ್ತು. ಪೆನ್ಸಿಲಿನಷ್ಟು ಉದ್ದ, ಮೈಮೇಲೆ ಕಂದು ಚುಕ್ಕೆ, ಚೂಪು ಮೂತಿ. ಬಿಟ್ಟ ಕೂಡಲೇ ಮರಳಿನೊಳಗೆ ನುಗ್ಗಿ ಮೂತಿಯ ತುದಿಯೊಂದನ್ನೇ ಹೊರಗಿಟ್ಟು ಮಲಗುತ್ತದೆ. ತಿನ್ನುವುದು ಹುಳವನ್ನು, ಚಿನ್ನದ ಮೀನಿನ ಗೊಡವೆಗೆ ಹೋಗುವುದಿಲ್ಲ. ಆದರೆ ಅದು ಇರುವ ಮರಳಿಗೆ ಯಾರಾದರೂ ಜಂಬದಿಂದ ಕೈ ಹಾಕಿದರೋ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಅಕ್ಕ ಮೈ ಒರೆಸುವ ಬೈರಾಸಿನ ಎರಡು ತುದಿ ಹಿಡಿದಳು, ಎರಡು ತುದಿ ನಾನು ಹಿಡಿದೆ. ಮೊಣಕಾಲುದ್ದದ ನೀರಿನಲ್ಲಿ ಮರಳು ಸಮೇತ ಎತ್ತಿದಾಗ ಒಂದು ಸಿಕ್ಕಿತು. ಬಿಸಿಲಿಗೆ ಅದರ ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ನನಗೆ ಅಷ್ಟು ಚಂದದ ಮೀನು ಮತ್ತೆ ಕಂಡದ್ದಿಲ್ಲ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅಪ್ಪ, ಅಕ್ಕ ಮತ್ತು ನಾನು ಹೊರಟೆವು. ಕುಂಬ್ರ ದಾಟುವಾಗ ಬಸ್ಸು ಎತ್ತಿ ಹಾಕಿತು, ಕ್ಯಾನಿನ ನೀರು ನನ್ನ ಚಡ್ಡಿಯ ಮೇಲೆ ಚೆಲ್ಲಿತು. ಮೀನು ಗಟ್ಟಿ, ಏನೂ ಆಗಲಿಲ್ಲ.

ದರ್ಬೆಯ ಮನೆಯ ಜಗಲಿಯಲ್ಲಿ ಮಾವನ ತಾಯಿ ಕೂತಿದ್ದರು. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ಸದಾ ವೀಳ್ಯ, ಆಡುವುದು ತುಳು ಮಾತ್ರ. ಆ ಮನೆಯಲ್ಲಿ ಮಾವ ಕೂಡ ಅವರ ಮಾತಿಗೆ ಎದುರಾಡುತ್ತಿರಲಿಲ್ಲ. ಕ್ಯಾನಿನಲ್ಲಿ ಏನು ತಂದೆ ಎಂದು ಅಜ್ಜಿ ಕೇಳಿದರು. ನನಗೆ ಆಗ ಬರುತ್ತಿದ್ದ ತುಳು ಬೆರಳೆಣಿಕೆಯಷ್ಟು. ಒಳ್ಳೆಯದಕ್ಕೆ ‘ಎಡ್ಡೆ’ ಎನ್ನುತ್ತಾರೆ ಎಂದು ಗೊತ್ತಿತ್ತು. ಮರಿಗೆ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಒಳ್ಳೆಯ ಮೀನಿನ ಮರಿ ಎನ್ನಲು ಹೊರಟವನು ಅರ್ಧ ಅವರ ಮಾತು, ಅರ್ಧ ನಮ್ಮ ಮಾತು ಸೇರಿಸಿ, "ಎಡ್ಡೆ ಮರಿ, ಅಜ್ಜಿ" ಎಂದೆ.

ಅಜ್ಜಿಯ ಜಗಿಯುವ ಬಾಯಿ ನಿಂತಿತು. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹೊಳೆಯಲ್ಲಿ, ತಾನಾಗಿಯೇ ಬೈರಾಸಿಗೆ ಬಂತು ಎಂದು ನಮ್ಮ ಮಾತಿನಲ್ಲೇ ಹೇಳಿದೆ. ಅವರು ಎದ್ದು ನಿಂತು ಕ್ಯಾನಿಗೆ ಕೈಮುಗಿದು ಒಳಗೆ ಹೋದರು. ಪೇಟೆಯವರು ಮೀನಿಗೂ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ನಾನು ಅಂದುಕೊಂಡೆ.

ಮಾವ ಮೀನನ್ನು ನೋಡಿ ಮೆಚ್ಚಿದರು. "ಇದು ಬದುಕಿ ಉಂಟಲ್ಲ" ಎಂದು ಭಾವ ಹಲ್ಲು ಕಿರಿದ. ಕ್ಯಾನನ್ನು ನೀರಿನೊಳಗೆ ನಿಧಾನವಾಗಿ ಬಾಗಿಸಿದೆ. ಹಾವುಮೀನು ಗಾಜಿನ ಉದ್ದಕ್ಕೂ ಒಮ್ಮೆ ಹರಿದು, ಶಂಖದ ಪಕ್ಕ ಮರಳಿಗೆ ನುಗ್ಗಿ ಮಾಯವಾಯಿತು.

ಸಂಜೆ ಬಲ್ಬು ಹೊತ್ತಿತು. ಗೆಳೆಯರು ಬಂದರು, "ತಳದ ಮೀನು ಬಂದಿದ್ದಾನೆ ಮಾರಾಯ" ಎಂದರು. ನಾನು ಮತ್ತು ಅಕ್ಕ ಬಾಗಿಲ ಬಳಿ ನಿಂತಿದ್ದೆವು. ಅವಳ ಉಗುರು ನನ್ನ ತೋಳಿಗೆ ಒತ್ತುತ್ತಿತ್ತು. ಭಾವ ಎಂದಿನ ಹಾಗೆ ಅಂಗಿಯ ಕೈ ಮೇಲೇರಿಸಿದ. ಶಂಖವನ್ನು ಹಿಡಿಯಲು ಬೆರಳುಗಳನ್ನು ಮರಳಿಗೆ ತೂರಿಸಿದ. ಒಂದು ಕ್ಷಣ ಏನೂ ಆಗಲಿಲ್ಲ. ಮತ್ತೆ ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಕೈ ಹೊರಗೆ ಬಂದಾಗ ಹೆಬ್ಬೆರಳಿಗೆ ಅದು ಒಂದು ಸುತ್ತು ಸುತ್ತಿಕೊಂಡಿತ್ತು.

"ಮರಿ, ಮರಿ" ಎಂದು ಕಿರುಚಿ ಭಾವ ಹಿಂದಕ್ಕೆ ಬಿದ್ದ. ಮೀನು ತಾನೇ ಜಾರಿ ನೀರಿಗೆ ಸೇರಿತು. ಗೆಳೆಯರಲ್ಲಿ ಅರ್ಧ ಮಂದಿ ಆಗಲೇ ರಸ್ತೆಯಲ್ಲಿದ್ದರು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮಗೆ ಮರಿ ಎಂದರೆ ಎಳೆಯ ಜೀವ. ತುಳುವಿನಲ್ಲಿ ಮರಿ ಎಂದರೆ ಹಾವು. ‘ಎಡ್ಡೆ ಮರಿ’ ಎಂದರೆ ಒಳ್ಳೆಯ ಹಾವು, ಅಂದರೆ ನಾಗರಹಾವು. ಹೆಸರು ಹಿಡಿದು ಕರೆಯಲು ಅಂಜಿ ಹಿರಿಯರು ಹಾಗೆ ಹೇಳುತ್ತಾರೆ. ಸುಬ್ರಹ್ಮಣ್ಯ ಇರುವ ಸೀಮೆ ನಮ್ಮದು, ನಾಗನೆಂದರೆ ಗಟ್ಟಿಗರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನು ಅಜ್ಜಿಗೆ ಬೆಳಿಗ್ಗೆ ಹೇಳಿದ್ದು ಏನೆಂದು, ನನಗಿಂತ ಹೆಚ್ಚು ತುಳು ಬಲ್ಲ ಅಕ್ಕ ಕಿವಿಯಲ್ಲಿ ಉಸುರಿದಾಗ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.

ಅಜ್ಜಿ ದೀಪ ಹಿಡಿದು ಬಂದರು. ಕಾರಣವಿಲ್ಲದೆ ಅದು ಮನೆಗೆ ಬರುವುದಿಲ್ಲ, ಯಾರು ಏನು ತಪ್ಪು ಮಾಡಿದ್ದೀರಿ ಎಂದು ಕೇಳಿದರು. "ಅದು ಮೀನು, ಅಜ್ಜಿ" ಎಂದು ಭಾವ ತೊದಲಿದ. ಈಗ ತಾನೇ ಮರಿ ಎಂದು ಕಿರುಚಿದವ ಯಾರು ಎಂದು ಅಜ್ಜಿ ಗದರಿದರು. ಮಾವ ಪೇಪರಿನ ಹಿಂದೆ ಮುಖ ಅಡಗಿಸಿದರು. ನಗುವಿಗೆ ಪೇಪರು ಅಲುಗಾಡುತ್ತಿತ್ತು. ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಚರಂಡಿಯ ಸೋಪಿನ ನೀರು ನೆನಪಾಯಿತು. ಬಾಯಿ ಬಿಡಲಿಲ್ಲ.

ಭಾವನೇ ಬಾಯಿ ಬಿಟ್ಟ. ಅವನಿಗೆ ಅಳು ಬಂದಿತ್ತು. "ಅವ ಮೊದಲ ಸರ್ತಿ ತಂದ ಮೀನು ಸತ್ತಿರಲಿಲ್ಲ. ನಾನೇ ಚರಂಡಿಗೆ ಚೆಲ್ಲಿದ್ದು" ಎಂದ. ಮಾವನ ಪೇಪರು ಅಲುಗುವುದು ನಿಂತಿತು. ಅದನ್ನು ಮಡಚಿ ಇಟ್ಟು, ನನ್ನನ್ನೇ ನೋಡುತ್ತಾ, "ನಾನು ಅವತ್ತು ನಿನ್ನ ಹತ್ತಿರ ಕೇಳಬೇಕಿತ್ತು" ಎಂದರು. ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ಅಜ್ಜಿಗೆ ಅಷ್ಟು ಸಾಲಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ. ಭಾವ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಬೈರಾಸಿನಲ್ಲಿ ಬಂದು, ವೀಳ್ಯದೆಲೆ ಅಡಿಕೆ ಇಟ್ಟು ಗಾಜಿನ ಪೆಟ್ಟಿಗೆಗೆ ತಪ್ಪುಕಾಣಿಕೆ ಒಪ್ಪಿಸಬೇಕಾಯಿತು. ಕಿಟಕಿಯ ಹೊರಗೆ ಅದೇ ಗೆಳೆಯರು ಮೂಗು ಒತ್ತಿ ನಿಂತಿದ್ದರು. ಮಳೆ ಬಂದು ಹೊಳೆ ತುಂಬುವವರೆಗೆ ದಿನಾ ಹೀಗೆ ಕೈಮುಗಿದ ಮೇಲೆಯೇ ಕಾಫಿ ಎಂದು ಅಜ್ಜಿ ಕಟ್ಟುಮಾಡಿದರು. ತಳದ ಮೀನಿಗೆ ಭಾವ ತಲೆ ಬಾಗಿಸಿದ. ಇಂಗು ತಿಂದ ಮಂಗನ ಮುಖ ಎನ್ನುತ್ತಾರಲ್ಲ, ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಮಳೆ ಹಿಡಿದ ಮೇಲೆ ಅವನೇ ಕ್ಯಾನನ್ನು ತೊಡೆಯ ಮೇಲಿಟ್ಟು ಸುಳ್ಯದವರೆಗೆ ಬೆನ್ನು ನೆಟ್ಟಗೆ ಮಾಡಿ ಕೂತು ಬಂದು, ನಮ್ಮ ಹೊಳೆಗೆ ಮೀನನ್ನು ಬಿಟ್ಟ. ‘ತಳದ ಮೀನು’ ಎಂದು ಮತ್ತೆ ಯಾರೂ ನನ್ನನ್ನು ಕರೆಯಲಿಲ್ಲ.

ನಿಮ್ಮ ಕೋಣೆಯಲ್ಲೂ ಈಗ ಒಂದು ಗಾಜಿನ ಪೆಟ್ಟಿಗೆ ಉಂಟು. ತಳದ ಮೀನು ಯಾವುದು ಬೇಕೆಂದು ಫೋನಿನಲ್ಲಿ ನೋಡಿ ಆರಿಸುತ್ತೀರಿ, ಪ್ಲಾಸ್ಟಿಕ್ ಚೀಲದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಯಾವ ಹೊಳೆಯದ್ದೆಂದು ನಿಮಗೂ ಗೊತ್ತಿಲ್ಲ, ಮೀನಿಗೂ ನೆನಪಿರಲಿಕ್ಕಿಲ್ಲ. ಯಾರ ಮೇಲಾದರೂ ಸಿಟ್ಟು ಬಂದರೆ ಅದೇ ಫೋನಿನಲ್ಲಿ ಅವರನ್ನು ಬ್ಲಾಕ್ ಮಾಡುತ್ತೀರಿ, ಊಟದ ಹೊತ್ತಿಗೆ ಮರೆತಿರುತ್ತೀರಿ. ನನ್ನ ಭರಣಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ಹೋದ ಭಾನುವಾರ ದರ್ಬೆಯಿಂದ ಬಂದಿದ್ದರಲ್ಲ, ನಿಮಗೆ ಚಾಕಲೇಟು ತಂದುಕೊಟ್ಟ ಆ ಬಿಳಿ ಮೀಸೆಯ ಅಜ್ಜ, ಅವನೇ ಭಾವ. ನಿಮ್ಮ ಗಾಜಿನ ಪೆಟ್ಟಿಗೆಗೆ ಬಗ್ಗಿ, ಮರಳಿನಿಂದ ಮೂತಿ ಹೊರಗೆ ಹಾಕಿದ್ದ ಮೀನನ್ನು ತೋರಿಸಿ, "ಇದು ಎಂತ ಮೀನು?" ಎಂದು ಕೇಳಿದ. ನೀವು ಫೋನು ತೆಗೆದು ಅದರ ಉದ್ದದ ಹೆಸರನ್ನು ಹುಡುಕುತ್ತಿದ್ದಿರಿ. ಅಷ್ಟರಲ್ಲಿ ನಾನು ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಎಡ್ಡೆ ಮರಿ" ಎಂದೆ.

ನೀವು ತಲೆ ಎತ್ತಲಿಲ್ಲ. ನಾನು ನೋಡಿದೆ. ಅವನ ಎರಡೂ ಕೈ ತಾವಾಗಿಯೇ ಎದೆಯ ಹತ್ತಿರ ಬಂದು ಕೂಡಿಕೊಂಡವು.