ದಾರಿಯಿಲ್ಲದ ರಾಗಿ ಹೊಲ

ಬಿಟಿಎಂ ಲೇಔಟಿನಲ್ಲಿ ನಾವಿದ್ದದ್ದನ್ನು ರೂಮು ಎನ್ನುವುದೇ ದೊಡ್ಡ ಮಾತು. ಮೂರನೇ ಮಹಡಿಯ ತಾರಸಿಯ ಮೇಲೊಂದು ಶೀಟಿನ ಗೂಡು, ಎರಡು ಚಾಪೆ ಹಾಸಿದರೆ ಬಾಗಿಲು ತೆಗೆಯಲು ಬರುತ್ತಿರಲಿಲ್ಲ. ನಾನು ಮತ್ತು ಗೆಳೆಯ ಸಿದ್ದಾರೂಢ ಗದಗಿನ ಕಡೆಯವರು. ೨೦೦೩ರಲ್ಲಿ ಜಯನಗರದ ಕೊರಿಯರ್ ಆಫೀಸೊಂದರಲ್ಲಿ ಕೆಲಸಕ್ಕಿದ್ದೆವು. ಅಂಥ ಜಾಗದಲ್ಲಿ ನಮಗೆ ಹತ್ತಿದ್ದು ಯುದ್ಧದಾಟದ ಹುಚ್ಚು. ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆ ಹರಡಿ, ಗೊಂಬೆ ಸೈನಿಕರನ್ನು ನಿಲ್ಲಿಸಿ, ದಾಳ ಹಾಕಿ ಕಾದಾಡುವ ಆಟ. ಮೇಜಿಗೆ ಜಾಗವೆಲ್ಲಿ? ಟ್ರಂಕೇ ಮೇಜು.

ಅದಕ್ಕೇ ನಾನು ಆಟದ ನೆಲವನ್ನೇ ತುಂಡು ಮಾಡಿದೆ. ಟಿವಿ ಡಬ್ಬದ ಥರ್ಮಾಕೋಲನ್ನು ಚೌಕವಾಗಿ ಕತ್ತರಿಸಿ, ಫೆವಿಕಾಲ್ ಬಳಿದು, ಮಣ್ಣು ಉದುರಿಸಿ, ಹಸಿರು ಬಣ್ಣ ಕಲೆಸಿದ ಮರದ ಹೊಟ್ಟು ಅಂಟಿಸಿದರೆ ಒಂದು ಟೈಲ್. ಆಟ ಮುಗಿದರೆ ಎಲ್ಲವನ್ನೂ ಪೇರಿಸಿ ಮೂಲೆಗಿಡಬಹುದು. ನನ್ನದೊಂದೇ ಕಟ್ಟುನಿಟ್ಟು: ಪ್ರತಿ ಟೈಲಿನ ನಾಲ್ಕೂ ಅಂಚಿನ ನಡುವಿಗೆ ದಾರಿ ಬಂದು ಮುಟ್ಟಬೇಕು. ಆಗ ಯಾವುದನ್ನು ಯಾವುದರ ಪಕ್ಕ ಇಟ್ಟರೂ ದಾರಿಗೆ ದಾರಿ ಕೂಡಿ ಭಾನುವಾರಕ್ಕೊಂದು ಹೊಸ ಊರಾಗುತ್ತದೆ. ಈ ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಓನರ್ ಚಿಕ್ಕಬೈರಪ್ಪನವರು ಲೇಔಟ್ ಆಗುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಬಾಡಿಗೆ ಮನೆಗಳ ಒಡೆಯ. ಗರಿಗರಿ ಪಂಚೆ ಉಟ್ಟು, ಹೊತ್ತು ಹೋಗದೆ ಮೇಲೆ ಬಂದು ನೀರಿನ ಟ್ಯಾಂಕ್ ನೋಡುವರು, ಇಳಿದು ಹೋಗಿ ಮತ್ತೆ ಬಂದು ನೋಡುವರು. ನಮಗೆ ಒಳಗೊಳಗೇ ನಗು. ಒಂದು ದಿನ ನಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ ಗುರುಸಿದ್ದಪ್ಪ, ಮಕ್ಕಳಾಟ?” ಎಂದು ನನ್ನನ್ನು ಕೇಳಿದವರು ಒಂದು ಟೈಲ್ ಎತ್ತಿಕೊಂಡು ಅದರ ಮಣ್ಣನ್ನು ಹೆಬ್ಬೆರಳಲ್ಲಿ ಸವರಿದರು. “ನಮ್ಮ ಹೊಲ ಒಂದು ಮಾಡ್ಕೊಡ್ತೀಯಾ? ಇಲ್ಲೇ ಇತ್ತು, ಈ ಮನೆ ಕೆಳಗೇ. ಒಂದ್ಸಲ ನೋಡ್ಬೇಕು ಅನ್ಸುತ್ತೆ ಕಣಪ್ಪ. ಫೋಟೋ ಗೀಟೋ ಏನೂ ಇಲ್ಲ. ಹೊಲದ್ ಫೋಟೋ ಯಾರ್ ತೆಗೆಸ್ತಾರೆ?”

ಕಾಂಪೌಂಡಿನ ತೆಂಗಿನ ಬುಡದ ಮಣ್ಣನ್ನು ಅವರೇ ಕೆದಕಿ ತಂದುಕೊಟ್ಟರು. ಅವರು ಹೇಳಿದಂತೆ ಸ್ಪಂಜಿನಲ್ಲಿ ಬದುವಿನ ಹೊಂಗೆ ಮರ ಮಾಡಿದೆ, ಹಳೆ ಬ್ರಷ್ಷಿನ ಕೂದಲಲ್ಲಿ ರಾಗಿ ಪೈರು. ಒಣಗಿದ ಮೇಲೆ ಹೆಮ್ಮೆಯಿಂದ ಮುಂದಿಟ್ಟೆ. ಅವರ ಬೆರಳು ಪೈರಿನ ನಡುವೆ ಹಾದ ದಾರಿಯ ಮೇಲೆ ನಿಂತಿತು.

“ಇದೇನಿದು?”

“ದಾರಿ ರೀ. ಎಲ್ಲಾದ್ರಾಗೂ ಇರ್ತೈತಿ. ಇಲ್ಲಾಂದ್ರ ಬಾಜೂದಕ್ಕ ಕೂಡೂದಿಲ್ಲ.”

“ನಮ್ಮ ಹೊಲ್ದಾಗೆ ರಸ್ತೆ ಇರ್ಲಿಲ್ಲ. ರಸ್ತೆಗೇಂತ ಸುಣ್ಣದ ಗೆರೆ ಎಳೆದ್ರಲ್ಲ, ಅವತ್ತೇ ಹೊಲ ಹೋಯ್ತು.”

ಸಿಟ್ಟಿನಿಂದ ಹೇಳಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಹೇಳಿದರು. ಮತ್ತೆ ಮಾಡಲು ಕೂತೆ. “ದಾರಿ ಇಲ್ಲದ್ದು ಆಟಕ್ಕ ಬರೂದಿಲ್ಲಲೇ, ದಂಡ” ಎಂದು ಸಿದ್ದಾರೂಢ ಬೈದ. ಬೈಯಲಿ ಎಂದು, ಹೊಂಗೆಯೊಂದನ್ನು ಬಿಟ್ಟು ನಾಲ್ಕೂ ಅಂಚಿನವರೆಗೆ ಪೈರನ್ನೇ ತುಂಬಿದೆ.

ಚಿಕ್ಕಬೈರಪ್ಪನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

“ಇದು ಯಾವುದಕ್ಕೂ ಕೂಡೂದಿಲ್ಲ ನೋಡ್ರಿ” ಎಂದೆ.

“ಕೂಡೋದು ಬೇಡಪ್ಪ. ಹಂಗೇ ಇರ್ಲಿ.”

ಕಾಫಿಗೆ ಕೂಗಿ ಕೂಗಿ ಸಾಕಾಗಿ, ಅವರ ಹೆಂಡತಿ ಮುನಿಲಕ್ಷ್ಮಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. ಬೈಯಲು ಬಾಯಿ ತೆರೆದವರು ಗಂಡನ ತೊಡೆ ನೋಡಿ ಪಕ್ಕದಲ್ಲೇ ಕೂತರು. ಆ ಹೊಂಗೆಯ ಬುಡವನ್ನು ಬೆರಳ ತುದಿಯಿಂದ ಮುಟ್ಟಿದರು.

“ಮನೆ ಕಟ್ಟಿದ್ಮೇಲೆ ಒಂದಿನಾದ್ರೂ ಹೊಲ ಅಂದಿದ್ರಾ ನೀವು? ಮರೆತೇಬಿಟ್ರಿ ಅಂದ್ಕೊಂಡಿದ್ದೆ.”

“ಅಂದಿದ್ರೆ ನೀನು ಅಳ್ತಿದ್ದೆ” ಎಂದರು ಚಿಕ್ಕಬೈರಪ್ಪ.

ಮುನಿಲಕ್ಷ್ಮಮ್ಮ ಆಗಲೇ ಅಳುತ್ತಿದ್ದರು.